ಹುಳ ಕಚ್ಚಿದ ಚಹಾ

ನಮ್ಮ ಮನೆಯಲ್ಲಿ ಟೀ ಅಂದ್ರೆ ಜ್ವರ ಬಂದವರಿಗೆ ಮಾಡಿಕೊಡುವ ವಸ್ತು. ಕೊಪ್ಪದ ಹತ್ತಿರದ ನಮ್ಮೂರಲ್ಲಿ ಬೆಳಗ್ಗೆ ಎದ್ದರೆ ಕಾಫಿ, ತೋಟಕ್ಕೆ ಹೋಗಿ ಬಂದರೆ ಕಾಫಿ, ನೆಂಟರು ಬಂದರೆ ಕಾಫಿ. ನೆಂಟರು ಹೋದ ಮೇಲೆ "ಅಬ್ಬ, ಹೊರಟ್ರು" ಅಂತ ಇನ್ನೊಂದು ಅರ್ಧ ಲೋಟ ಕಾಫಿ. ನಾಲ್ಕೆಕರೆ ಅರೇಬಿಕಾ ಇಟ್ಟುಕೊಂಡ ಅಪ್ಪಯ್ಯನ ಮುಂದೆ ಯಾರಾದರೂ "ನಂಗೆ ಟೀ ಆಗ್ಬಹುದು" ಅಂದ್ರೆ ಅವರು ಅಮ್ಮನ ಕಡೆ ತಿರುಗಿ "ಇವ್ರಿಗೆ ಹುಷಾರಿಲ್ವಂತೆ ನೋಡೇ" ಅಂತಿದ್ರು. ಅಂಥ ಮನೆಯ ಮಗಳಾದ ನಾನು ಈಗ ದಿನಾ ಸಂಜೆ ತಕ್ಕಡಿ ಇಟ್ಟುಕೊಂಡು ಐದು ಗ್ರಾಮ್ ಚಹಾ ಎಲೆ ತೂಗುತ್ತೇನೆ ಅಂದ್ರೆ ನೀವು ನಗಬಹುದು. ನಮ್ಮಣ್ಣ ಈಗಲೂ ನಗ್ತಾನೆ.

ಇದು ಶುರುವಾಗಿದ್ದು 2007ರಲ್ಲಿ. ಗಂಡನಿಗೆ ತೈವಾನಿನ ಶಿಂಚು ಅನ್ನೋ ಊರಲ್ಲಿ ಎರಡು ವರ್ಷದ ಕೆಲಸ ಬಂತು. ಕಂಪ್ಯೂಟರ್ ಚಿಪ್ ಮಾಡುವ ಕಾರ್ಖಾನೆಗಳ ಊರು ಅದು. ಅಲ್ಲಿನವರು 'ಗಾಳಿಯ ಊರು' ಅಂತ ಕರೀತಾರೆ. ಸುಮ್ಮನೆ ಕರೆಯಲ್ಲ, ಚಳಿಗಾಲದಲ್ಲಿ ಬಾಲ್ಕನಿಯಲ್ಲಿ ಒಣಹಾಕಿದ ಪಂಚೆ ಎರಡು ಬೀದಿ ಆಚೆ ಸಿಗುತ್ತೆ. ಇವನು ಬೆಳಗ್ಗೆ ಎಂಟಕ್ಕೆ ಹೋದರೆ ರಾತ್ರಿ ಹತ್ತಕ್ಕೆ ವಾಪಸ್ಸು. ನಾನು ಬೆಂಗಳೂರಲ್ಲಿ ಇದ್ದ ಕೆಲಸ ಬಿಟ್ಟು ಹೋದವಳು. ಭಾಷೆ ಬರಲ್ಲ, ಓದೋಕೆ ಬರಲ್ಲ, ಅಂಗಡಿಯಲ್ಲಿ ಉಪ್ಪು ಯಾವುದು ಸಕ್ಕರೆ ಯಾವುದು ಅಂತ ಗೊತ್ತಾಗಲ್ಲ. ಮೊದಲ ಮೂರು ತಿಂಗಳು ನಾನು ಮಾತಾಡಿದ್ದು ಗಂಡನ ಹತ್ತಿರ ಮತ್ತು ಭಾನುವಾರ ಫೋನಿನಲ್ಲಿ ಅಮ್ಮನ ಹತ್ತಿರ, ಅಷ್ಟೇ.

ಹೊತ್ತು ಹೋಗದೆ ಬಸ್ಸು ಹತ್ತುವುದನ್ನು ಅಭ್ಯಾಸ ಮಾಡಿಕೊಂಡೆ. ಹಾಗೆ ಒಂದು ದಿನ ಇಳಿದದ್ದು ಬೇಪು ಅನ್ನೋ ಗುಡ್ಡದ ಊರಲ್ಲಿ. ಹಕ್ಕಾ ಜನ ಜಾಸ್ತಿ ಇರುವ ಸಣ್ಣ ಊರು. ಹಳೇ ಇಟ್ಟಿಗೆ ಮನೆಗಳು, ದೇವಸ್ಥಾನದ ಮುಂದೆ ಒಂದು ಬೀದಿ, ಬೀದಿ ತುಂಬ ತಿಂಡಿ ಅಂಗಡಿ, ಚಹಾ ಅಂಗಡಿ. ಮಳೆ ಬಂತು ಅಂತ ಒಂದು ಅಂಗಡಿಯ ಜಗಲಿಗೆ ನುಗ್ಗಿದೆ. ಒಳಗೆ ಕೂತಿದ್ದ ಅಜ್ಜಿ ಕೈಬೀಸಿ ಕರೆದಳು. ಎಲ್ಲರೂ ಅವಳನ್ನ 'ಆಪೋ' ಅಂತಿದ್ರು, ಅಂದ್ರೆ ಅಜ್ಜಿ ಅಂತಲೇ. ನಾನು ಇಂಗ್ಲಿಷಿನಲ್ಲಿ ಏನೋ ಹೇಳಿದೆ, ಅವಳಿಗೆ ತಿಳಿಯಲಿಲ್ಲ. ಅವಳು ಹಕ್ಕಾದಲ್ಲಿ ಏನೋ ಕೇಳಿದಳು, ನನಗೆ ತಿಳಿಯಲಿಲ್ಲ. ಹೇಗಿದ್ರೂ ಅರ್ಥ ಆಗಲ್ಲ ಅಂದ್ಮೇಲೆ ಇಂಗ್ಲಿಷ್ ಯಾಕೆ ಅಂತ ನಾನು ಕನ್ನಡ ಶುರು ಮಾಡಿದೆ. "ಎಂಥಾ ಮಳೆ ಮಾರಾಯ್ತಿ, ನಮ್ಮೂರಿನ ಥರಾನೇ" ಅಂದೆ. ಅವಳು ತಲೆ ಆಡಿಸಿ, ಒಂದು ಬೊಟ್ಟಿನಷ್ಟು ಸಣ್ಣ ಕಪ್ಪಿನಲ್ಲಿ ಚಹಾ ಬಗ್ಗಿಸಿ ಮುಂದಿಟ್ಟಳು.

ಹಾಲಿಲ್ಲ, ಸಕ್ಕರೆ ಇಲ್ಲ. ಬಣ್ಣ ಜೇನಿನದು. ಬಾಯಿಗೆ ಇಟ್ಟರೆ ಜೇನಿನದೇ ವಾಸನೆ, ಜೊತೆಗೆ ಚೆನ್ನಾಗಿ ಕಳಿತ ಹಣ್ಣಿನ ಥರದ್ದು ಏನೋ. ನಾನು ಕಪ್ಪಿನೊಳಗೆ ಮೂಗು ತುರುಕಿ ಜೇನು ಹಾಕಿದ್ದಾಳಾ ಅಂತ ನೋಡಿದೆ. ಅಜ್ಜಿ ನಕ್ಕಳು. ಆ ಮಧ್ಯಾಹ್ನ ಅದೇ ಎಲೆಗೆ ಏಳು ಸಲ ನೀರು ಹಾಕಿ ಏಳು ಸಲ ಕೊಟ್ಟಳು. ಮಳೆ ಐದನೇ ಸುತ್ತಿಗೇ ನಿಂತಿತ್ತು, ನಾನು ಏಳಲಿಲ್ಲ.

ಅಲ್ಲಿಂದ ಮುಂದೆ ವಾರಕ್ಕೆ ಎರಡು ಸಲ ಬೇಪು. ಕಾಲೇಜಿಗೆ ಹೋಗುವ ಮೊಮ್ಮಗಳು ಶನಿವಾರ ಮನೆಯಲ್ಲಿರ್ತಿದ್ದಳು, ಅವಳಿಗೆ ಇಂಗ್ಲಿಷ್ ಬರ್ತಿತ್ತು. ವಾರದ ನಡುವೆ ನಾನು ನೋಡಿದ್ದಕ್ಕೆಲ್ಲ ಶನಿವಾರ ಅರ್ಥ ಸಿಗ್ತಿತ್ತು.

ಮೊದಲು ಈ ಊಲಾಂಗ್ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ಹಸಿರು ಚಹಾ, ನಾವು ಹಾಲು ಹಾಕಿ ಕುದಿಸುವ ಕಪ್ಪು ಚಹಾ, ಊಲಾಂಗ್ ಎಲ್ಲ ಒಂದೇ ಜಾತಿ ಗಿಡದ ಎಲೆ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುತ್ತಲ್ಲ, ಚಹಾ ಎಲೆಗೆ ಗಾಯ ಆದರೂ ಹಾಗೇ. ಕೊಯ್ದ ಕೂಡಲೇ ಬಿಸಿ ಮಾಡಿ ಅದನ್ನ ತಡೆದರೆ ಹಸಿರು ಚಹಾ. ಪೂರ್ತಿ ಆಗೋಕೆ ಬಿಟ್ಟರೆ ಕಪ್ಪು ಚಹಾ. ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸಿದರೆ ಊಲಾಂಗ್. ಎಲೆಯನ್ನ ಬಿಸಿಲಲ್ಲಿ ಬಾಡಿಸಿ, ಬಿದಿರಿನ ಮೊರದಲ್ಲಿ ಹಾಕಿ ಕೇರಿದ ಹಾಗೆ ಕುಲುಕಿ, ಅಂಚಿಗಷ್ಟೇ ಪೆಟ್ಟು ಮಾಡ್ತಾರೆ. ಸ್ವಲ್ಪ ಹೊತ್ತು ಬಿಡ್ತಾರೆ, ಮತ್ತೆ ಕುಲುಕ್ತಾರೆ. ಸರಿಯಾದ ವಾಸನೆ ಬಂತು ಅನ್ನಿಸಿದಾಗ ಬಾಣಲೆಗೆ ಹಾಕಿ ಬಿಸಿ ಮಾಡಿ ನಿಲ್ಲಿಸ್ತಾರೆ. ಆಮೇಲೆ ಉಂಡೆ ಕಟ್ಟೋದು ಅಥವಾ ಹೊಸೆಯೋದು, ಒಣಗಿಸೋದು, ಬೇಕಾದರೆ ಹುರಿಯೋದು. ಈ 'ನಡುವೆ ಎಲ್ಲೋ' ಅನ್ನೋದೇ ದೊಡ್ಡ ಸಾಮ್ರಾಜ್ಯ. ತೈಪೆ ಹತ್ತಿರದ ಪಿಂಗ್ಲಿನ್‌ನ ಬಾವ್‌ಜೋಂಗ್ ಹೆಚ್ಚುಕಮ್ಮಿ ಹಸಿರು, ಹೂವಿನ ಘಮ. ನಾಂತೌ ಜಿಲ್ಲೆಯ ಡೋಂಗ್ ಡಿಂಗ್ ಉಂಡೆ ಉಂಡೆ, ಸ್ವಲ್ಪ ಹುರಿದದ್ದು. ಸಾವಿರ ಮೀಟರ್ ದಾಟಿದ ತೋಟಗಳದ್ದು 'ಎತ್ತರದ ಬೆಟ್ಟದ ಚಹಾ', ಅಲೀಶಾನ್ ಹೆಸರು ಕೇಳಿರ್ತೀರಿ. ಸಮುದ್ರದ ಆಚೆ ಚೀನಾದ ಫುಜಿಯಾನ್‌ನಲ್ಲಿ ಆನ್‌ಶಿಯ ಟಿಯೆಗ್ವಾನ್‌ಯಿನ್, ವೂಯಿ ಬೆಟ್ಟದ ಬಂಡೆ ಚಹಾಗಳು.

ಬೇಪುವಿನ ಚಹಾದ ಕತೆ ಇವೆಲ್ಲಕ್ಕಿಂತ ಬೇರೆ. ಜೂನ್ ತಿಂಗಳ ಸೆಕೆಯಲ್ಲಿ ಅಲ್ಲಿನ ತೋಟಗಳಿಗೆ ಒಂದು ಜಿಗಿಹುಳ ಬರುತ್ತೆ. ಅಕ್ಕಿ ಕಾಳಿಗಿಂತ ಸಣ್ಣದು, ಹಸಿರು. ಎಳೆ ಕುಡಿಗೆ ಕಚ್ಚಿ ರಸ ಹೀರುತ್ತೆ. ಕುಡಿ ಹಳದಿಯಾಗಿ ಮುದುಡುತ್ತೆ. ಬೇರೆ ಕಡೆ ಆಗಿದ್ದರೆ ಔಷಧಿ ಹೊಡೀತಿದ್ರು. ಅಲ್ಲಿ ಹೊಡೆಯೋ ಹಾಗಿಲ್ಲ, ಯಾಕಂದ್ರೆ ಆ ಹುಳ ಕಚ್ಚಿದ್ರೇನೇ ಆ ಚಹಾ. ಕಚ್ಚಿಸಿಕೊಂಡ ಗಿಡ ತನ್ನನ್ನ ಕಾಪಾಡಿಕೊಳ್ಳೋಕೆ ಒಂದಿಷ್ಟು ವಾಸನೆಯ ವಸ್ತುಗಳನ್ನ ತಯಾರು ಮಾಡುತ್ತೆ. ಆ ಜೇನಿನ ಘಮ ಅದರದ್ದು. ಹಿಂದೆ ಯಾವನೋ ಒಬ್ಬ ರೈತ, ಹುಳ ಬಿದ್ದ ಎಲೆ ಬಿಸಾಡೋಕೆ ಮನಸ್ಸಾಗದೆ ಚಹಾ ಮಾಡಿ ಪೇಟೆಗೆ ಒಯ್ದನಂತೆ. ದೊಡ್ಡ ದುಡ್ಡಿಗೆ ಹೋಯ್ತಂತೆ. ಊರಿಗೆ ಬಂದು ಹೇಳಿದರೆ ಒಬ್ಬರೂ ನಂಬಲಿಲ್ಲ, "ಬಡಾಯಿ ಬಿಡ್ತಾನೆ" ಅಂದ್ರಂತೆ. ಅದಕ್ಕೆ ಇವತ್ತಿಗೂ ಅಲ್ಲಿ ಅದರ ಹೆಸರು 'ಬಡಾಯಿ ಚಹಾ'. ಪೇಟೆಯಲ್ಲಿ ಮಾರುವಾಗ 'ಪೂರ್ವದ ಚೆಲುವೆ' ಅನ್ನೋ ಹೆಸರು. ಯಾವುದೋ ಬ್ರಿಟಿಷ್ ರಾಣಿ ಕುಡಿದು ಈ ಹೆಸರಿಟ್ಟಳು ಅಂತಾರೆ. ಯಾವ ರಾಣಿ ಅಂದ್ರೆ ಒಬ್ಬರು ವಿಕ್ಟೋರಿಯಾ ಅಂತಾರೆ, ಇನ್ನೊಬ್ಬರು ಎಲಿಜಬೆತ್ ಅಂತಾರೆ. ಅದೂ ಬಡಾಯಿಯೇ ಇರಬೇಕು. ನಮ್ಮ ಡಾರ್ಜಿಲಿಂಗಿನ ಬೇಸಿಗೆ ಫಸಲಿನಲ್ಲಿ ಬರುವ ದ್ರಾಕ್ಷಿ ಥರದ ಘಮಕ್ಕೂ ಇದೇ ಜಾತಿಯ ಜಿಗಿಹುಳದ ಪಾಲು ಇದೆ.

ಆಪೋ ಕಲಿಸಿದ್ದನ್ನ ಪಟ್ಟಿ ಮಾಡ್ತೀನಿ. ಊಲಾಂಗ್ ತಗೋಬೇಕು ಅಂತ ಯಾರಾದರೂ ಕೇಳಿದಾಗ ನಾನು ಹೇಳೋದು ಇದನ್ನೇ.

ತಗೊಳ್ಳುವಾಗ ಸ್ವಲ್ಪವೇ ತಗೊಳ್ಳಿ, ಐವತ್ತು ಗ್ರಾಮ್ ಸಾಕು. ಅಲ್ಲಿಯ ತೂಕದಲ್ಲಿ ಒಂದು ಜಿನ್ ಅಂದ್ರೆ 600 ಗ್ರಾಮ್, ಅದರ ಕಾಲು ಭಾಗ 150 ಗ್ರಾಮ್ ಪೊಟ್ಟಣ ಸಾಮಾನ್ಯ. ಉಂಡೆ ಕಟ್ಟಿದ ಚಹಾ ಆದರೆ ಉಂಡೆ ಬಿಗಿಯಾಗಿ, ಭಾರವಾಗಿರಬೇಕು. ಪಿಂಗಾಣಿ ಬಟ್ಟಲಿಗೆ ಹಾಕಿದರೆ ಹೆಸರುಕಾಳು ಬಿದ್ದ ಹಾಗೆ ಸದ್ದು ಬರಬೇಕು. ಪೊಟ್ಟಣದ ತಳದಲ್ಲಿ ಪುಡಿ ಜಾಸ್ತಿ ಇರಬಾರದು. ಬೇಪುವಿನ ಚಹಾ ಉಂಡೆ ಕಟ್ಟಲ್ಲ, ಅದರಲ್ಲಿ ಬಿಳಿ, ಹಸಿರು, ಹಳದಿ, ಕೆಂಪು, ಕಂದು ಐದೂ ಬಣ್ಣ ಕಾಣಬೇಕು, ಬಿಳಿ ತುದಿಯ ಕುಡಿ ಇರಬೇಕು. ವಾಸನೆ ನೋಡಿ. ಪೊಟ್ಟಣ ಬಿಚ್ಚಿದ ಕೂಡಲೇ ಮಾರು ದೂರಕ್ಕೆ ಐಸ್‌ಕ್ರೀಮಿನ ವಾಸನೆ ಹೊಡೆದರೆ ಸೆಂಟು ಹಾಕಿದ್ದಾರೆ ಅಂತ ಅರ್ಥ. 'ಹಾಲಿನ ಊಲಾಂಗ್' ಹೆಸರಲ್ಲಿ ಮಾರುವ ಎಷ್ಟೋ ಚಹಾದ ಕತೆ ಇದು. ಜಿನ್ ಶುವಾನ್ ಅಂತ 1981ರಲ್ಲಿ ತೈವಾನಿನಲ್ಲಿ ಬಿಡುಗಡೆಯಾದ ತಳಿ ಇದೆ, ಅದರಲ್ಲಿ ಹಾಲಿನ ಛಾಯೆ ತಾನಾಗೇ ಇರುತ್ತೆ. ಆದರೆ ಅದು ಮೆತ್ತಗಿನ ವಾಸನೆ, ಕೂಗಿ ಕರೆಯಲ್ಲ.

ಎಲ್ಲಕ್ಕಿಂತ ಮುಖ್ಯ, ಕುಡಿದಾದ ಮೇಲೆ ನೆಂದ ಎಲೆಯನ್ನ ತಟ್ಟೆಯಲ್ಲಿ ಹರಡಿ ನೋಡಿ. ಎಲೆ ಇಡಿಯಾಗಿ ಬಿಚ್ಚಿಕೊಂಡಿರಬೇಕು. ಎಷ್ಟೋ ಊಲಾಂಗ್‌ಗಳಲ್ಲಿ ನಡುವೆ ಹಸಿರು, ಅಂಚಿಗೆ ಕೆಂಪು ಕಾಣುತ್ತೆ. ಅದೇ ಮೊರದಲ್ಲಿ ತಿಂದ ಪೆಟ್ಟು. ಚೂರು ಚೂರಾದ ಎಲೆ ಕಂಡರೆ ಮುಂದಿನ ಸಲ ಆ ಅಂಗಡಿ ಬೇಡ. ಮತ್ತೆ, 'ತೂಕ ಇಳಿಸುವ ಚಹಾ' ಅಂತ ಬರೆದ ಡಬ್ಬಿಯನ್ನ ನಾನಂತೂ ಮುಟ್ಟಲ್ಲ. ಎರಡು ವರ್ಷ ಲೀಟರ್‌ಗಟ್ಟಲೆ ಕುಡಿದು ನಾನು ಇಳಿಸಿದ್ದು ಸೊನ್ನೆ.

ಮಾಡುವ ಕ್ರಮಕ್ಕೆ ಬರೋಣ. ಅಲ್ಲಿ ಗೈವಾನ್ ಅಂತ ಮುಚ್ಚಳ ಇರುವ, ಹಿಡಿ ಇಲ್ಲದ ಪಿಂಗಾಣಿ ಬಟ್ಟಲು ಬಳಸ್ತಾರೆ. ಮೊದಲ ತಿಂಗಳು ನನ್ನ ಮೂರು ಬೆರಳು ಬೆಂದು ಹೋಗಿದ್ದವು. ಗೈವಾನ್ ಇಲ್ಲದಿದ್ದರೆ ಮುಚ್ಚಳ ಇರುವ ಯಾವ ಸಣ್ಣ ಪಾತ್ರೆಯಾದರೂ ಆದೀತು, ಜೊತೆಗೆ ಒಂದು ಜಾಲರಿ. ಸಣ್ಣದು ಅನ್ನೋದು ಮುಖ್ಯ. 120 ಮಿಲಿ ನೀರಿಗೆ ಐದು ಗ್ರಾಮ್ ಎಲೆ, ಉಂಡೆ ಚಹಾ ಆದರೆ ಪಾತ್ರೆಯ ತಳ ಮುಚ್ಚುವಷ್ಟು. ಮೊದಲು ಪಾತ್ರೆಗೆ ಬಿಸಿನೀರು ಹಾಕಿ ಬಿಸಿ ಮಾಡಿ ಚೆಲ್ಲಿ. ಹುರಿದ ಚಹಾ, ಉಂಡೆ ಚಹಾಗಳಿಗೆ ಕುದಿಯುವ ನೀರೇ ಬೇಕು. ಬೇಪುವಿನದಕ್ಕೆ ಮಾತ್ರ ಕುದ್ದ ನೀರನ್ನ ಮೂರ್ನಾಲ್ಕು ನಿಮಿಷ ಆರಲು ಬಿಡಬೇಕು, 85ರಿಂದ 90 ಡಿಗ್ರಿ. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ, ಹಾಗಾಗಿ ಇಲ್ಲಿ ಕಾಯುವ ಹೊತ್ತು ಸ್ವಲ್ಪ ಕಡಿಮೆ. ಉಂಡೆ ಚಹಾಕ್ಕೆ ಮೊದಲ ನೀರನ್ನ ಹಾಕಿ ಕೂಡಲೇ ಬಸಿದುಬಿಡಿ, ಎಲೆ ಎಚ್ಚರ ಆಗಲಿ ಅಂತ. ಆಮೇಲೆ ಮೊದಲ ಸುತ್ತು ಐವತ್ತು ಸೆಕೆಂಡು. ಎರಡನೆಯದು ಅದಕ್ಕಿಂತ ಕಡಿಮೆ, ಯಾಕಂದ್ರೆ ಅಷ್ಟರಲ್ಲಿ ಉಂಡೆ ಬಿಚ್ಚಿರುತ್ತೆ. ಮೂರನೆಯದರಿಂದ ಸುತ್ತಿಗೆ ಹತ್ತು ಹದಿನೈದು ಸೆಕೆಂಡು ಜಾಸ್ತಿ ಮಾಡ್ತಾ ಹೋಗಿ. ಪ್ರತಿ ಸಲವೂ ಪೂರ್ತಿ ಬಸಿಯಬೇಕು. ಒಂದು ಚಮಚ ನೀರು ತಳದಲ್ಲಿ ಉಳಿದರೂ ಮುಂದಿನ ಸುತ್ತು ಕಹಿ. ಬೋರ್‌ವೆಲ್ಲಿನ ಗಡಸು ನೀರು ಬೇಡ, ಚಹಾ ಮಂಕಾಗಿ ಮೇಲೆ ಕೆನೆಯ ಥರ ಕಟ್ಟುತ್ತೆ.

ಇಷ್ಟೆಲ್ಲ ಪುರುಸೊತ್ತು ಇಲ್ಲದವರಿಗೆ ಇನ್ನೊಂದು ದಾರಿ: ಮೂರು ಗ್ರಾಮ್ ಎಲೆ, 150 ಮಿಲಿ ಕುದಿಯುವ ನೀರು, ಐದಾರು ನಿಮಿಷ. ತೈವಾನಿನ ಚಹಾ ಸ್ಪರ್ಧೆಗಳಲ್ಲಿ ತೀರ್ಪುಗಾರರು ಹೀಗೇ ರುಚಿ ನೋಡ್ತಾರೆ. ಇದರಲ್ಲಿ ಚಹಾದ ತಪ್ಪೆಲ್ಲ ಎದ್ದು ಕಾಣುತ್ತೆ.

ಕೊನೆಯದು, ಇಡುವ ವಿಷಯ. ಆಪೋ ಇದನ್ನ ನಾಲ್ಕು ಬೆರಳಲ್ಲಿ ಎಣಿಸಿ ತೋರಿಸ್ತಿದ್ದಳು: ಗಾಳಿ, ಬೆಳಕು, ತೇವ, ವಾಸನೆ. ಈ ನಾಲ್ಕೂ ಮುಟ್ಟಬಾರದು. ಬೆಳಕು ಹೋಗದ, ಬಿಗಿಯಾದ ಡಬ್ಬಿ ಬೇಕು. ಹಸಿರು ಛಾಯೆಯ ಊಲಾಂಗನ್ನ ಗಾಳಿ ತೆಗೆದ ಪೊಟ್ಟಣದಲ್ಲಿ ಫ್ರಿಜ್ಜಿನಲ್ಲಿ ಇಡಬಹುದು, ಆದರೆ ಹೊರಗೆ ತೆಗೆದ ಮೇಲೆ ಪೂರ್ತಿ ತಣುವು ಹೋಗುವ ತನಕ ಬಿಚ್ಚಬಾರದು, ಇಲ್ಲದಿದ್ದರೆ ಎಲೆಯ ಮೇಲೆ ನೀರು ಕಟ್ಟುತ್ತೆ. ಹುರಿದದ್ದಕ್ಕೆ, ಬೇಪುವಿನದಕ್ಕೆ ಫ್ರಿಜ್ ಬೇಡ. ತೇವ ಹಿಡಿದ ಚಹಾವನ್ನ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಸ್ವಲ್ಪ ಮಟ್ಟಿಗೆ ಸರಿ ಮಾಡಬಹುದು. ವಾಸನೆ ಹಿಡಿದರೆ ಮಾತ್ರ ಕತೆ ಮುಗೀತು. ಆಪೋ ಆ ನಾಲ್ಕನೇ ಬೆರಳು ಬಂದಾಗ ಮೂಗು ಮುಚ್ಚಿಕೊಂಡು ಕೈ ಝಾಡಿಸ್ತಿದ್ದಳು.

2009ರ ಆಗಸ್ಟಿನಲ್ಲಿ ನಾವು ವಾಪಸ್ಸು ಹೊರಟೆವು. ಆಪೋ ಆ ವರ್ಷದ ಜೂನಿನ ಚಹಾದ ಎರಡು ಪೊಟ್ಟಣ ಕೊಟ್ಟಳು. ದುಡ್ಡು ಕೊಡಲು ಹೋದರೆ ನನ್ನ ಕೈಯನ್ನೇ ಮಡಚಿಬಿಟ್ಟಳು. ಒಂದು ಪೊಟ್ಟಣ ಬೆಂಗಳೂರಲ್ಲಿ ನಾನಿಟ್ಟುಕೊಂಡೆ. ಇನ್ನೊಂದನ್ನ ಊರಿಗೆ ಒಯ್ದು ಅಮ್ಮನ ಕೈಗೆ ಕೊಟ್ಟೆ. "ಅಮ್ಮ, ಇದನ್ನ ಬಿಚ್ಚಬೇಡ. ಇದು ಇನ್ನು ಸಿಗಲ್ಲ. ಮುಂದಿನ ಸಲ ಬಂದಾಗ ನಾನೇ ಮಾಡಿಕೊಡ್ತೀನಿ" ಅಂದೆ. ಅಮ್ಮ "ಆಯ್ತು ಮಾರಾಯ್ತಿ, ಜೋಪಾನ ಮಾಡ್ತೀನಿ" ಅಂದಳು.

ಮುಂದಿನ ಸಲ ಹೋದಾಗ ಯಾರದ್ದೋ ಮದುವೆ, ಮಾಡಲಿಲ್ಲ. ಅದರ ಮುಂದಿನ ಸಲ ಎರಡೇ ದಿನದ ರಜೆ. 2010ರ ಆಷಾಢದಲ್ಲಿ ಅಮ್ಮ ಹೋದಳು. ಎದೆನೋವು ಅಂದಳಂತೆ, ಕೊಪ್ಪ ತಲುಪುವುದರೊಳಗೆ ಮುಗಿದಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ನಾನೊಬ್ಬಳೇ ಊರಿಗೆ ಹೋದೆ. ಹೋಗಿದ್ದು ಒಂದು ಕೆಲಸದ ಮೇಲೆ. ಅಪ್ಪಯ್ಯನಿಗೆ ಎಪ್ಪತ್ತೊಂದು. ತೋಟಕ್ಕೆ ಕೊಳ್ಳುವವರು ಬಂದಿದ್ದರು. ಅಣ್ಣ, ನಾನು ಫೋನಿನಲ್ಲಿ ಮಾತಾಡಿ ತೀರ್ಮಾನ ಮಾಡಿಯಾಗಿತ್ತು: ತೋಟ ಕೊಟ್ಟು ಅಪ್ಪಯ್ಯ ಬೆಂಗಳೂರಿಗೆ ಬರೋದು. ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು, "ನೀನು ಹೇಳಿದ್ರೆ ಕೇಳ್ತಾರೆ" ಅಂತ. ಅಪ್ಪಯ್ಯ ಯಾವತ್ತೂ ನನ್ನ ಮಾತು ಕೇಳಿದವರಲ್ಲ. ನಿಜ ಹೇಳಬೇಕು ಅಂದ್ರೆ ನಾವಿಬ್ಬರೂ ಕೂತು ಹತ್ತು ನಿಮಿಷ ಮಾತಾಡಿದವರೇ ಅಲ್ಲ. ಫೋನು ಮಾಡಿದರೆ "ಹ್ಞಾ, ಹುಷಾರಾ? ಅಮ್ಮನ ಹತ್ರ ಕೊಡ್ತೀನಿ" ಅಂತಿದ್ರು. ಈಗ ಕೊಡೋಕೆ ಅಮ್ಮ ಇರಲಿಲ್ಲ. "ಹುಷಾರಾ?" ಆದ ಮೇಲೆ ಇಬ್ಬರೂ ಸುಮ್ಮನೆ ಫೋನು ಹಿಡ್ಕೊಂಡಿರ್ತಿದ್ವಿ.

ಬೆಳಗ್ಗೆ ತೋಟಕ್ಕೆ ಕರ್ಕೊಂಡು ಹೋದ್ರು. ಬೋರರ್ ಬಿದ್ದಿತ್ತು. ಕಾಫಿ ಬೆಳೆಯುವವರಿಗೆ ವಿವರಿಸೋದು ಬೇಡ, ಉಳಿದವರಿಗೆ ಹೇಳ್ತೀನಿ: ಬಿಳಿ ಕಾಂಡಕೊರಕ. ಅರೇಬಿಕಾ ಗಿಡದ ತೊಗಟೆಯ ಸಂದಿಯಲ್ಲಿ ದುಂಬಿ ಮೊಟ್ಟೆ ಇಡುತ್ತೆ, ಮರಿ ಒಳಗೆ ಕೊರೆದುಕೊಂಡು ಹೋಗುತ್ತೆ. ಹೊರಗೆ ಕಾಣೋದು ತೊಗಟೆಯ ಮೇಲೆ ಎದ್ದ ಏಣು, ಹಳದಿಯಾದ ಎಲೆ. ಮದ್ದು ಅಂದ್ರೆ ಹುಡುಕಿ ಹುಡುಕಿ ಗಿಡ ಕಿತ್ತು ಸುಡೋದು. ಅಪ್ಪಯ್ಯ ಒಂದೊಂದೇ ಗಿಡದ ಕಾಂಡ ಸವರಿ, ಏಣು ಸಿಕ್ಕಿದ್ದಕ್ಕೆ ಸುಣ್ಣ ಬಳಿದು ಗುರುತು ಹಾಕ್ತಾ ಹೋದರು. ನಾನು ಎಣಿಸ್ತಾ ಹಿಂದೆ ಹೋದೆ. ಅರವತ್ತು ದಾಟಿದ ಮೇಲೆ ಎಣಿಸೋದು ಬಿಟ್ಟೆ. ಕೆಲವು ಗಿಡ ನನ್ನ ವಯಸ್ಸಿನವು. ತೋಟದ ಮಾತು ತೆಗೆಯೋಕೆ ಇದೇ ಸರಿಯಾದ ಹೊತ್ತು ಅಂತ ಗೊತ್ತಿತ್ತು. ಬಾಯಿ ಬರಲಿಲ್ಲ.

ಮಧ್ಯಾಹ್ನ ಸಾರಿಗೆ ಇಂಗು ಹುಡುಕ್ತಾ ಅಡುಗೆಮನೆಯ ಗೂಡಿನ ಬಾಗಿಲು ತೆಗೆದೆ. ಸಾರಿನ ಪುಡಿ, ಮೆಣಸು, ಜೀರಿಗೆ ಬಾಟಲಿಗಳ ಸಾಲಿನಲ್ಲಿ ಒಂದು ಹಳೇ ಹಾರ್ಲಿಕ್ಸ್ ಬಾಟಲಿ. ಮೇಲೆ ಅಂಟಿಸಿದ ಚೀಟಿಯಲ್ಲಿ ಅಮ್ಮನ ಅಕ್ಷರ: 'ಮಗಳ ಸೊಪ್ಪು. ಮುಟ್ಟಬಾರದು.'

ಪೊಟ್ಟಣ ಬಿಚ್ಚಬೇಡ ಅಂದಿದ್ದೆ. ಪೊಟ್ಟಣದಲ್ಲಿ ಇದ್ದರೆ ಇರುವೆಯೋ ಇಲಿಯೋ ತಿಂದಾವು ಅಂತ ಅವಳಿಗೆ ಅನ್ನಿಸಿರಬೇಕು. ಜೋಪಾನ ಮಾಡೋದು ಅಂದ್ರೆ ಅವಳ ಲೆಕ್ಕದಲ್ಲಿ ಗಾಜಿನ ಬಾಟಲಿಗೆ ಹಾಕೋದು. ಮುಚ್ಚಳ ತೆಗೆದೆ. ಇಂಗು. ಅದರ ಹಿಂದೆ ಸಾರಿನ ಪುಡಿ. ಆ ಬಾಟಲಿಯಲ್ಲಿ ಹಿಂದೆ ಇಂಗೇ ಇತ್ತು ಅಂತ ಆಮೇಲೆ ನೆನಪಾಯ್ತು. ಗಾಳಿ, ಬೆಳಕು, ತೇವ, ವಾಸನೆ, ನಾಲ್ಕಕ್ಕೆ ನಾಲ್ಕೂ ಆಗಿತ್ತು. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅಮ್ಮ ಹೋದ ದಿನವೂ ಹಾಗೆ ಅತ್ತಿರಲಿಲ್ಲ, ಆವತ್ತು ನೂರು ಕೆಲಸ ಇತ್ತು.

ಅಪ್ಪಯ್ಯ ಬಾಗಿಲಲ್ಲಿ ನಿಂತಿದ್ದರು. "ಎಂಥದೇ ಅದು?"

"ಚಹಾ. ಅಮ್ಮ ಇಂಗಿನ ಬಾಟಲಿಗೆ ಹಾಕಿಟ್ಟಿದ್ದಾಳೆ."

"ಹಾಳಾಗಿದ್ಯಾ?"

"ಹ್ಞೂಂ."

ಸ್ವಲ್ಪ ಹೊತ್ತು ನಿಂತು, "ಮಾಡು ನೋಡುವ" ಅಂದ್ರು.

ಟೀ ಕೇಳಿದ್ದು ನಮ್ಮಪ್ಪಯ್ಯ! ಎದ್ದೆ. ಗೈವಾನ್ ಇಲ್ಲ, ಮುಚ್ಚಳ ಇರುವ ಸಣ್ಣ ಸ್ಟೀಲಿನ ಡಬ್ಬಿ ತಗೊಂಡೆ. ಬಾವಿ ನೀರು ಕಾಯಿಸಿದೆ. ಬಾವಿ ನೀರು ಮಾತ್ರ ಚಹಾಕ್ಕೆ ಎಷ್ಟು ಚೆನ್ನಾಗಿತ್ತು ಅಂದ್ರೆ, ಆಪೋಗೆ ಒಂದು ಕೊಡ ಕಳಿಸಬೇಕು ಅನ್ನಿಸ್ತು. ಕಾಫಿ ಲೋಟದ ತಳಕ್ಕೆ ಬರುವಷ್ಟು ಬಗ್ಗಿಸಿ ಜಗಲಿಗೆ ತಂದೆ.

ಅಪ್ಪಯ್ಯ ಕಾಫಿ ಬೀಜ ಮೂಸುವ ಹಾಗೆ ಮೂಸಿದರು. ಒಂದು ಗುಟುಕು ಕುಡಿದು ಕಣ್ಣು ಸಣ್ಣ ಮಾಡಿ, "ಸಾರು ಬಸಿದ ನೀರಿನ ಹಾಗಿದೆ" ಅಂದ್ರು. ಲೋಟ ಖಾಲಿ ಮಾಡಿ ಮುಂದೆ ಹಿಡಿದರು. "ಇನ್ನೊಂದ್ಸಲ ಬರುತ್ತಾ ಇದು?"

"ಆರೇಳು ಸಲ ಬರುತ್ತೆ."

"ಅಷ್ಟು ಹೊತ್ತು ಕೂರ್ಬೇಕಾ?"

"ಕೂರ್ಬೇಕು."

ಕೂತರು. ಎರಡನೇ ಸುತ್ತಿಗೂ ಇಂಗು. ಮೂರನೆಯದಕ್ಕೆ ಅದು ಹಿಂದೆ ಸರೀತು. ಹೋಗಲಿಲ್ಲ, ಹಿಂದೆ ಸರೀತು ಅಷ್ಟೇ. ಅದರ ಕೆಳಗೆ ಎಲ್ಲೋ ಒಂಚೂರು ಜೇನು. "ಈಗ ಏನೋ ಬಂತಲ್ಲ" ಅಂದ್ರು, ನಾನು ಹೇಳುವ ಮೊದಲೇ. ನಲವತ್ತು ವರ್ಷ ಕಾಫಿ ಮೂಸಿದ ಮೂಗು. ಆಗ ಬೇಪುವಿನ ಕತೆ ಹೇಳಿದೆ. ಹುಳದ್ದು, ಬಡಾಯಿ ರೈತನದ್ದು.

ಅಪ್ಪಯ್ಯ ಕತೆ ಪೂರ್ತಿ ಕೇಳಿದರು. "ನಮ್ಮ ಹುಳಕ್ಕೂ ಯಾರಾದ್ರೂ ಆ ಬುದ್ಧಿ ಹೇಳಿಕೊಡಬಾರ್ದಾ" ಅಂದ್ರು. ಆಮೇಲೆ, "ಅದು ಎಲೆಗೆ ಕಚ್ಚುತ್ತೆ, ಗಿಡ ತಡ್ಕೊಳುತ್ತೆ. ನಮ್ದು ಕಾಂಡಕ್ಕೇ ಹೋಗುತ್ತೆ, ಏನ್ ಮಾಡೋದು" ಅಂದ್ರು.

ನಾಲ್ಕನೇ ಸುತ್ತು ಬಗ್ಗಿಸುವಾಗ ಅವರೇ ತೆಗೆದರು. "ನೀನ್ಯಾಕೆ ಬಂದಿದೀಯ ಅಂತ ಗೊತ್ತು. ನಿಮ್ಮಣ್ಣ ಫೋನ್ ಮಾಡ್ದಾಗ್ಲೇ ಗೊತ್ತಾಯ್ತು."

ನಾನು ಸುಮ್ಮನಿದ್ದೆ.

"ಕೊಟ್ರೆ ದುಡ್ಡು ಬರುತ್ತೆ, ಸರಿ. ನಾನಲ್ಲಿ ಬಂದು ಏನ್ ಮಾಡ್ಲಿ? ನಿನ್ನ ಗಂಡ ಆಫೀಸಿಗೆ, ನೀನು ಆಫೀಸಿಗೆ. ಬಾಗಿಲು ಹಾಕ್ಕೊಂಡು ಟಿವಿ ನೋಡ್ತಾ ಕೂರೋದಾ?"

ಶಿಂಚುವಿನ ಮನೆಯ ಮೊದಲ ಮೂರು ತಿಂಗಳು ಕಣ್ಣಿಗೆ ಕಟ್ಟಿತು. ಅದನ್ನ ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ. ಭಾನುವಾರದ ಫೋನಿನಲ್ಲಿ "ಇಲ್ಲಿ ಎಲ್ಲ ಚೆನ್ನಾಗಿದೆ" ಅಂತಲೇ ಹೇಳ್ತಿದ್ದೆ. ಆವತ್ತು ಅಪ್ಪಯ್ಯನಿಗೆ ಹೇಳಿದೆ. ಉಪ್ಪು ಅಂತ ಸಕ್ಕರೆ ತಂದು ಸಾರಿಗೆ ಹಾಕಿದ್ದು, ಒಂದಿಡೀ ವಾರ ಮನೆಯಿಂದ ಆಚೆ ಹೋಗದೆ ಇದ್ದದ್ದು, ಭಾಷೆ ಬರದ ಅಜ್ಜಿಯ ಎದುರು ಕನ್ನಡದಲ್ಲಿ ಗಂಟೆಗಟ್ಟಲೆ ಹರಟಿದ್ದು. ಅವರು ನಡುವೆ ಒಂದು ಮಾತೂ ಆಡಲಿಲ್ಲ. ಐದನೇ ಸುತ್ತು, ಆರನೇ ಸುತ್ತು. ಬಣ್ಣ ಪೂರ್ತಿ ತೆಳ್ಳಗಾಗಿತ್ತು.

"ಕಿತ್ತ ಜಾಗಕ್ಕೆ ರೋಬಸ್ಟಾ ಹಾಕ್ತೀನಿ" ಅಂದ್ರು ಕೊನೆಗೆ. "ಅದಕ್ಕೆ ಈ ಬೋರರ್ ಕಾಟ ಇಲ್ಲ. ಫಸಲಿಗೆ ಮೂರ್ನಾಲ್ಕು ವರ್ಷ ಬೇಕು."

ಎಪ್ಪತ್ತೊಂದಕ್ಕೆ ಮೂರ್ನಾಲ್ಕು ಸೇರಿಸಿ ಲೆಕ್ಕ ಹಾಕಿದೆ. ಅವರೂ ಹಾಕಿರ್ತಾರೆ. "ಹಾಕಿ" ಅಂದೆ.

ರಾತ್ರಿ ಅಣ್ಣನಿಗೆ ಫೋನ್ ಮಾಡಿ ಹೇಳಿದಾಗ ಅವನು ಕೂಗಾಡಿದ. "ನಿನ್ನ ಕಳಿಸಿದ್ದು ಟೀ ಕುಡಿಸೋಕಾ?" ಅಂದ. ಅವನದ್ದೂ ತಪ್ಪಿಲ್ಲ. ಮುದುಕರು ಒಬ್ಬರೇ ಇರೋ ಮನೆ, ಹತ್ತಿರದ ಆಸ್ಪತ್ರೆಗೆ ಮುಕ್ಕಾಲು ಗಂಟೆ. ಅಮ್ಮನ ವಿಷಯದಲ್ಲಿ ಏನಾಯ್ತು ಅಂತ ನೋಡಿದವರು ನಾವು. ನಾನು ಮಾಡಿದ್ದು ಸರಿಯಾ ಅಂತ ಇವತ್ತಿಗೂ ರಾತ್ರಿ ಫೋನ್ ಬಡಿದಾಗೆಲ್ಲ ಅನ್ನಿಸುತ್ತೆ. ಪಕ್ಕದ ಮನೆಯ ಹುಡುಗ ರಾತ್ರಿ ಬಂದು ಮಲಗೋ ವ್ಯವಸ್ಥೆ ಆಗಿದೆ. ಅಷ್ಟು ಮಾಡೋಕೆ ಆಯ್ತು.

ಆ ಬಾಟಲಿ ಎಸೆಯೋಕೆ ಅಪ್ಪಯ್ಯ ಬಿಡಲಿಲ್ಲ. ಗೂಡಿನಲ್ಲಿ ಅಲ್ಲೇ ಇದೆ, ಚೀಟಿ ಸಮೇತ. ಹೊಸದಾಗಿ ನಾನು ಡೋಂಗ್ ಡಿಂಗ್ ಕಳಿಸ್ತೀನಿ. ತೈವಾನಿಗೆ ಹೋಗಿಬರುವ ಗಂಡನ ಸ್ನೇಹಿತರು ತಂದುಕೊಡ್ತಾರೆ. ಹುರಿದ ಚಹಾ ಆದ್ದರಿಂದ ಕಾಫಿಯವರ ಬಾಯಿಗೆ ಹತ್ತಿರ. ಅಪ್ಪಯ್ಯ ಕ್ಯಾಲೆಂಡರಿನ ಹಿಂದೆ ಸೆಕೆಂಡುಗಳನ್ನ ಬರೆದು ಗೋಡೆಗೆ ಹಾಕ್ಕೊಂಡಿದ್ದಾರೆ. ಸಂಜೆ ಕಾಫಿ ಆದ ಮೇಲೆ ಇದು, ಕಾಫಿ ಬದಲಿಗೆ ಅಲ್ಲ. ಭಾನುವಾರ ಮೊದಲ ಸುತ್ತು ಬಗ್ಗಿಸಿ ಫೋನ್ ಮಾಡ್ತಾರೆ. ನಾನೂ ಇಲ್ಲಿ ಎಲೆ ಹಾಕಿಕೊಂಡು ಕೂರ್ತೀನಿ. ಬೋರರ್ ಎಷ್ಟು ಬಿತ್ತು, ರೋಬಸ್ಟಾ ಎಷ್ಟು ಹಿಡೀತು ಅಂತ ಐದಾರು ಸುತ್ತಿನಷ್ಟು ಮಾತು ಆಗುತ್ತೆ.

ಕಳೆದ ವಾರ ಹೇಳಿದರು: "ಈ ಸಲದ್ದನ್ನ ಅಡುಗೆಮನೇಲಿ ಇಟ್ಟಿಲ್ಲ. ಗಾಳಿ ಇಲ್ಲ, ಬೆಳಕಿಲ್ಲ, ಇಂಗಿಲ್ಲ. ಬೀರುವಿನೊಳಗೆ ನಿಮ್ಮಮ್ಮನ ಸೀರೆ ಪಕ್ಕ ಇಟ್ಟಿದೀನಿ."

"ಅಪ್ಪಯ್ಯ, ಸೀರೆ ಮಧ್ಯೆ ನುಸಿಗುಳಿಗೆ ಇದ್ಯಾ?"

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬೀರುವಿನ ಬಾಗಿಲು ಕಿರ್ರ್ ಅಂತ ತೆಗೆದದ್ದು ಕೇಳಿಸಿತು.